ಒತ್ತಾಯ ಮಾಡುವವರಿಲ್ಲದ ಲೌಂಜು

ವಿಮಾ ಕಂಪನಿಯೊಂದರ ಶಾಖೆಗಳಿಗೆ ಹೋಗಿ ಲೆಕ್ಕಪತ್ರ ತಪಾಸಣೆ ಮಾಡುವುದು ನನ್ನ ಕೆಲಸ. ಅರ್ಧ ತಿಂಗಳು ವಿಜಯಪುರದ ಮನೆಯಲ್ಲಿದ್ದರೆ ಇನ್ನರ್ಧ ಯಾವುದೋ ಊರಿನ ಯಾವುದೋ ಮಹಡಿಯಲ್ಲಿ. ಎಲ್ಲಿ ಹೋದರೂ ಒಂದೇ ಕಂಪನಿಯ ಹೋಟೆಲು ಹಿಡಿಯುತ್ತೇನೆ. ಅಲ್ಲಿ ಕಳೆದ ರಾತ್ರಿಗಳೆಲ್ಲ ಕೂಡಿ ಕೂಡಿ ನನ್ನ ಸದಸ್ಯತ್ವದ ಕಾರ್ಡು ಬಣ್ಣ ಬದಲಿಸುತ್ತ ಬಂದು ಈಗ ಮೇಲಿನ ದರ್ಜೆಗೆ ಏರಿದೆ. ವರ್ಷಕ್ಕೊಮ್ಮೆ 'ನಿಮ್ಮ ನಿಷ್ಠೆಗೆ ಧನ್ಯವಾದಗಳು' ಎಂದು ಹೋಟೆಲಿನವರ ಮೇಲ್ ಬರುತ್ತದೆ. ಅದನ್ನು ಓದಿ ನಮ್ಮ ಮನೆಯವರು, "ಇಷ್ಟು ನಿಷ್ಠಾ ನನ್ನ ಮ್ಯಾಲಿದ್ರ ನಾನೂ ಒಂದು ಕಾರ್ಡ್ ಮಾಡಿಸಿ ಕೊಡ್ತಿದ್ದೆ" ಎನ್ನುತ್ತಾರೆ.

ನಿಷ್ಠೆಯೂ ಇಲ್ಲ, ಮಣ್ಣೂ ಇಲ್ಲ. ಅದು ಬರೀ ದಣಿವು. ಹೊಸ ಕೋಣೆಯಲ್ಲಿ ಬಿಸಿನೀರು ಯಾವ ಕಡೆ ತಿರುಗಿಸಿದರೆ ಬರುತ್ತದೆ, ದೀಪ ಆರಿಸುವ ಗುಂಡಿ ಎಲ್ಲಿ ಅಡಗಿದೆ ಎಂದು ಪ್ರತಿ ವಾರ ಹೊಸದಾಗಿ ಕಲಿಯುವ ಉಮೇದು ನನ್ನಲ್ಲಿ ಉಳಿದಿಲ್ಲ. ಒಂದೇ ಕಂಪನಿಯ ಹೋಟೆಲಾದರೆ ಎಲ್ಲ ಊರಿನಲ್ಲೂ ಗುಂಡಿ ಅದೇ ಜಾಗದಲ್ಲಿರುತ್ತದೆ. ನನಗೆ ಅಷ್ಟು ಸಾಕು.

ಆ ಕಾರ್ಡು ನಿಜವಾಗಿ ಉಪಯೋಗಕ್ಕೆ ಬಂದದ್ದು ನಮ್ಮ ಅತ್ತೆಯ ಕಾಯಿಲೆಯಲ್ಲಿ. ಅವರಿಗೆ ಕ್ಯಾನ್ಸರ್ ಎಂದು ಗೊತ್ತಾದ ಮೇಲೆ ಊರಿನ ಡಾಕ್ಟರು ಹೈದರಾಬಾದಿಗೆ ಬರೆದುಕೊಟ್ಟರು. ಮೂರು ವಾರಕ್ಕೊಮ್ಮೆ ಹೋಗಬೇಕು, ಮೊದಲ ದಿನ ರಕ್ತಪರೀಕ್ಷೆ, ಮರುದಿನ ಔಷಧದ ಡ್ರಿಪ್ಪು. ನಮ್ಮ ಮನೆಯವರು ಹೈಸ್ಕೂಲ್ ಮಾಸ್ತರು, ಪದೇ ಪದೇ ರಜೆ ಸಿಗುವುದಿಲ್ಲ. ನನ್ನದು ಹೇಗೂ ತಿರುಗುವ ನೌಕರಿ, ಲ್ಯಾಪ್‌ಟಾಪ್ ಇದ್ದರೆ ಎಲ್ಲಿ ಕೂತರೂ ನಡೆಯುತ್ತದೆ. ಹೀಗೆ ಅತ್ತೆಯನ್ನು ಕರೆದುಕೊಂಡು ಹೋಗುವ ಕೆಲಸ ಯಾರೂ ಹೇಳದೆಯೇ ನನ್ನ ಕೊರಳಿಗೆ ಬಿತ್ತು.

ಮೊದಲ ಸಲವೇ ಡಾಕ್ಟರು ಒಂದು ಮಾತು ಹೇಳಿದ್ದರು. ಔಷಧ ಗಟ್ಟಿಯದು, ತೂಕ ಇಳಿಯುತ್ತ ಹೋದರೆ ಮುಂದಿನ ಡೋಸ್ ಕೊಡಲು ಬರುವುದಿಲ್ಲ. ಹೊಟ್ಟೆ ತುಂಬ ಒಮ್ಮೆಗೇ ಉಣ್ಣಲಾಗದು, ಸ್ವಲ್ಪ ಸ್ವಲ್ಪ, ಮತ್ತೆ ಮತ್ತೆ ತಿನ್ನಿಸಬೇಕು. ಅಂದರೆ ಅತ್ತೆ ತಿಂದರೆ ಚಿಕಿತ್ಸೆ ಉಂಟು, ಇಲ್ಲದಿದ್ದರೆ ಇಲ್ಲ.

ಎಲ್ಲಿ ಇಳಿದುಕೊಳ್ಳುವುದು ಎಂಬ ಚಿಂತೆ ಶುರುವಾಯಿತು. ಮಲ್ಕಾಜ್‌ಗಿರಿಯಲ್ಲಿ ಅತ್ತೆಯ ಸೋದರಸಂಬಂಧದವರಿದ್ದಾರೆ, ರೈಲ್ವೆಯವರು, ಒಳ್ಳೆಯ ಮಂದಿ. ಆದರೆ ಮನೆ ಮೂರನೇ ಮಹಡಿಯಲ್ಲಿ, ಲಿಫ್ಟಿಲ್ಲ. ಆಸ್ಪತ್ರೆಯ ಎದುರಿಗೇ ಲಾಡ್ಜುಗಳಿದ್ದವು. ಒಂದನ್ನು ನೋಡಿ ಬಂದೆ. ಮೆಟ್ಟಿಲ ಮೇಲೆಲ್ಲ ತಲೆಗೆ ಬಟ್ಟೆ ಕಟ್ಟಿಕೊಂಡ ರೋಗಿಗಳು, ಗೋಡೆಗೆಲ್ಲ ಫಿನಾಯಿಲಿನ ವಾಸನೆ. ಅಲ್ಲಿ ನನಗೇ ಅನ್ನ ಸೇರಲಿಕ್ಕಿಲ್ಲ, ಅವರಿಗೆ ಹೇಗೆ ಸೇರೀತು? ಉಳಿದದ್ದು ನನ್ನ ಕಾರ್ಡಿನ ಕಂಪನಿಯ ಹೋಟೆಲುಗಳು. ಊರಾಚೆ ಐಟಿ ಕಂಪನಿಗಳ ಕಡೆಗಿದ್ದದ್ದು ಹೊಸದು, ಅದರ ಲೌಂಜು ದೊಡ್ಡದು, ಊಟವೂ ಚೆನ್ನ ಎಂದು ಕೇಳಿದ್ದೆ. ಸಿಕಂದರಾಬಾದಿನ ಕಡೆಗಿದ್ದದ್ದು ಹಳೆಯದು, ಕಾರ್ಪೆಟ್ಟು ಸವೆದದ್ದು, ಲೌಂಜು ನಮ್ಮ ಮನೆಯ ಪಡಸಾಲೆಯಷ್ಟೇ. ಆದರೆ ಆಸ್ಪತ್ರೆ ಹತ್ತಿರ, ಸ್ಟೇಷನ್ನೂ ಹತ್ತಿರ. ಡ್ರಿಪ್ಪು ಮುಗಿಸಿ ಟ್ರಾಫಿಕ್ಕಿನಲ್ಲಿ ವಾಂತಿ ತಡೆದುಕೊಂಡು ಕೂರುವ ಹೆಂಗಸಿಗೆ ದೊಡ್ಡ ಲೌಂಜು ತಗೊಂಡು ಏನಾಗಬೇಕು ಎಂದು ಹಳೆಯದನ್ನೇ ಹಿಡಿದೆ.

ಲೌಂಜು ಎಂದರೇನೆಂದು ಅತ್ತೆಗೆ ರೈಲಿನಲ್ಲೇ ತಿಳಿಸಿ ಹೇಳಿದ್ದೆ. ಹೋಟೆಲಿನ ಮೇಲಿನ ಮಹಡಿಯಲ್ಲಿ ಒಂದು ಕೋಣೆ. ನನ್ನಂಥ ಕಾರ್ಡಿನವರಿಗೆ ಮಾತ್ರ, ಜೊತೆಗೆ ಒಬ್ಬರನ್ನು ಕರೆದುಕೊಂಡು ಹೋಗಬಹುದು. ಬೆಳಿಗ್ಗೆ ನಾಷ್ಟಾ, ಇಡೀ ದಿನ ಚಹಾ, ಬಿಸ್ಕೀಟು, ಹಣ್ಣು, ಸಂಜೆ ಇಡ್ಲಿ, ಮೊಸರನ್ನ, ಏನೇನೋ. ಹಸಿವಾದಾಗೆಲ್ಲ ಹೋಗಿ ತಿನ್ನಬಹುದು, ಬೇರೆ ಬಿಲ್ಲಿಲ್ಲ. ಡಾಕ್ಟರು ಹೇಳಿದ ಸ್ವಲ್ಪ ಸ್ವಲ್ಪ, ಮತ್ತೆ ಮತ್ತೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಏರ್ಪಾಡು ಇನ್ನೇನಿದೆ? ಇಷ್ಟು ವರ್ಷ ಹೋಟೆಲು ಹೋಟೆಲು ಸುತ್ತಿದ್ದಕ್ಕೆ ಒಂದು ಅರ್ಥ ಬಂತಲ್ಲ ಎಂದು ನನಗೆ ಹೆಮ್ಮೆಯೂ ಆಗಿತ್ತು.

ಅತ್ತೆ ಇಳಕಲ್ ಸೀರೆ ಉಟ್ಟು, ತಲೆಯ ಮೇಲೆ ಸೆರಗು ಹೊದ್ದು ಲೌಂಜಿಗೆ ಬಂದರು. ಕೈಯಲ್ಲಿ ಒಂದು ಡಬ್ಬಿ. ಏನದು ಎಂದರೆ, "ಶೇಂಗಾ ಹೋಳಿಗಿ. ಮಂದಿ ಮನಿಗೆ ಬರಿಗೈಲೆ ಹ್ಯಾಂಗ ಹೋಗೂದು?" ಎಂದರು. ಡಬ್ಬಿಯನ್ನು ಅಲ್ಲಿದ್ದ ಹುಡುಗಿಯ ಕೈಗೇ ಕೊಟ್ಟರು. ಲೌಂಜು ನೋಡಿಕೊಳ್ಳುವ ಆ ಹುಡುಗಿಗೆ ಇಪ್ಪತ್ತೈದು ಇರಬಹುದು, ಕಪ್ಪು ಕೋಟು, ಬಿಗಿಯಾಗಿ ಕಟ್ಟಿದ ತುರುಬು. ಅಮೀರ್‌ಪೇಟೆಯ ಹಾಸ್ಟೆಲಿನಿಂದ ದಿನಾ ಮೆಟ್ರೋ ಹಿಡಿದು ಬರುವವಳು. ಅತಿಥಿಯೇ ತಿಂಡಿ ತಂದುಕೊಟ್ಟದ್ದು ಅವಳ ಜನ್ಮದಲ್ಲಿ ಮೊದಲಿರಬೇಕು. ಡಬ್ಬಿ ಹಿಡಿದುಕೊಂಡು ನನ್ನ ಮುಖ ನೋಡಿದಳು.

ನಾವು ಕಿಟಕಿಯ ಹತ್ತಿರ ಕೂತೆವು. ನಾನು ಲ್ಯಾಪ್‌ಟಾಪ್ ತೆರೆದೆ. ಹುಡುಗಿ ಬಂದು ಏನಾದರೂ ತರಲೇ ಎಂದು ಅತ್ತೆಯನ್ನು ಕೇಳಿದಳು, "ಕುಛ್ ಲಾವೂಂ ಅಮ್ಮಾ?"

ಅತ್ತೆಗೆ ಹೈದರಾಬಾದಿನ ಉರ್ದು ಅಷ್ಟಿಷ್ಟು ಬರುತ್ತದೆ. "ನಕೋ, ನಕೋ" ಎಂದರು, ಬೇಡ ಎಂದು. ಹುಡುಗಿ ನಕ್ಕು ಹೋದಳು. ಚಹಾ ತರುತ್ತೇನೆಂದು ಇನ್ನೊಮ್ಮೆ ಬಂದಾಗಲೂ ನಕೋ. ಹಸಿವಿಲ್ಲವೇನೋ, ಪ್ರಯಾಣದ ಆಯಾಸವೇನೋ ಎಂದುಕೊಂಡು ನಾನು ನನ್ನ ಶಾಖೆಗಳ ಲೆಕ್ಕದಲ್ಲಿ ಮುಳುಗಿದೆ. ಕೋಣೆಗೆ ಹೋದ ಮೇಲೆ ಅವರು ಚೀಲದಿಂದ ರೊಟ್ಟಿ, ಚಟ್ನಿಪುಡಿ ತೆಗೆದು ಒಂದು ಚೂರು ಮುರಿದುಕೊಂಡು ತಿಂದರು. ಒಣ ರೊಟ್ಟಿ ಗಂಟಲಲ್ಲಿ ಇಳಿಯದೆ ಅರ್ಧಕ್ಕೇ ಬಿಟ್ಟರು. ಎರಡನೇ ಸಲ ಬಂದಾಗಲೂ ಇದೇ ಕತೆ. ನಾನೇ ತಟ್ಟೆಗೆ ಹಾಕಿಕೊಂಡು ಬಂದು ಮುಂದಿಟ್ಟರೆ, "ನೀ ತಿನ್ನವಾ, ನನಗ ಬ್ಯಾಡ" ಎನ್ನುತ್ತಿದ್ದರು.

ಮೂರನೇ ಸಲ ತೂಕದ ಯಂತ್ರದ ಮೇಲೆ ನಿಂತಾಗ ನರ್ಸು ತಲೆ ಅಲ್ಲಾಡಿಸಿದಳು. ಡಾಕ್ಟರು ಡೋಸ್ ಮುಂದೂಡಿದರು. ಒಂದು ವಾರ ಊರಿಗೆ ಹೋಗಿ ಉಣ್ಣಿಸಿ ಕರೆದುಕೊಂಡು ಬನ್ನಿ, ಹೀಗೇ ಆದರೆ ಔಷಧ ನಿಲ್ಲಿಸಬೇಕಾಗುತ್ತದೆ ಎಂದರು. ಆ ರೈಲು, ಆ ಆಟೋ, ರಕ್ತ ಕೊಡುವ ಸಾಲು, ಎಲ್ಲವೂ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂತೆ. ನನಗೆ ಸಿಟ್ಟು ನೆತ್ತಿಗೇರಿತ್ತು. ಹೋಟೆಲಿಗೆ ಬಂದವಳೇ ಲೌಂಜಿನಲ್ಲಿ ಎಲ್ಲರ ಎದುರು ಕೇಳಿದೆ, "ಇಷ್ಟೆಲ್ಲಾ ಇಟ್ಟಾರಲ್ರೀ ಅತ್ತಿ, ಯಾಕ ತಿನ್ನಂಗಿಲ್ಲ? ಹಸಿವು ಇಲ್ಲೇನು?"

"ಹಸಿವು ಐತಿ."

"ಮತ್ತ?"

ಅವರು ದನಿ ತಗ್ಗಿಸಿದರು. "ಯಾರು ಉಣ್ಣು ಅಂದಾರ? ಆ ಹುಡುಗಿ ಒಮ್ಮೆ ಕೇಳ್ತಾಳ, ಬ್ಯಾಡ ಅಂದ್ರ ಹೋಗೇ ಬಿಡ್ತಾಳ. ನಾನ ಎದ್ದು ಬಡಿಸ್ಕೊಂಡು ತಿನ್ನಾಕ, ಕರೀದ ಬಂದಾಕಿ ಏನು ನಾ?"

ಮೂವತ್ತು ವರ್ಷದ ಹತ್ತಿರ ಅವರ ಮನೆಯಲ್ಲಿ ಉಂಡಿದ್ದೇನೆ, ನನಗೆ ತಿಳಿಯದೆ ಯಾರಿಗೆ ತಿಳಿಯಬೇಕಿತ್ತು? ನಮ್ಮ ಕಡೆ ಮೊದಲನೆಯ ಬ್ಯಾಡ ಎಂದರೆ ಬೇಡವೆಂದಲ್ಲ. ಅದು ಮರ್ಯಾದೆ. ಎರಡನೆಯದು ಸಂಕೋಚ. ಆಮೇಲೆ ತಟ್ಟೆಯ ಮೇಲೆ ಅಡ್ಡ ಹಿಡಿದ ಕೈಯನ್ನು ಸರಿಸಿ ಬಡಿಸಿದರೆ ಅದು ಊಟ. ಕೇಳಿದ ಕೂಡಲೇ ಹೂಂ ಎನ್ನುವವರನ್ನು ಉಂಡು ಗೊತ್ತಿಲ್ಲದ ಮಂದಿ ಎನ್ನುತ್ತಾರೆ. ಬ್ಯಾಡ ಎಂದ ಕೂಡಲೇ ಪಾತ್ರೆ ಎತ್ತಿಕೊಂಡು ಹೋಗುವವರಿಗೆ ಏನೆನ್ನುತ್ತಾರೋ ಬರೆಯಲಾರೆ. ಅತ್ತೆಯಂತೂ ಈ ವಿದ್ಯೆಯಲ್ಲಿ ನಮ್ಮ ಓಣಿಗೇ ಹೆಸರಾದವರು. ಮದುವೆಗಳಲ್ಲಿ ಹೋಳಿಗೆ ಬಡಿಸಲು ಅವರನ್ನೇ ಕರೆಯುತ್ತಿದ್ದರು. ಅವರ ಪಂಕ್ತಿಯಲ್ಲಿ ಕೂತ ಬೀಗರು ಏಳಲು ಗೋಡೆ ಹಿಡಿಯಬೇಕಿತ್ತು. ಮದುವೆಯಾದ ಹೊಸತರಲ್ಲಿ ನಾನು ನಿಜವಾಗಿಯೇ ಸಾಕೆಂದು ಬ್ಯಾಡ ಅಂದು ಅಂದು, ನಾಲ್ಕು ತಿಂಗಳಲ್ಲಿ ರವಿಕೆಗಳನ್ನೆಲ್ಲ ಬಿಚ್ಚಿ ಹೊಲಿಸಿಕೊಂಡಿದ್ದೆ.

ಹಾಗಾದರೆ ನಾನೇ ಒತ್ತಾಯ ಮಾಡಿದರಾಯಿತು ಎಂದು, "ತಗೋರಿ, ಮೊಸರನ್ನ ಛಲೋ ಐತಿ" ಎಂದೆ.

"ಮನಿಯವರಿಗೆ ಎಂಥಾ ಉಪಚಾರ? ಸುಮ್ನಿರು" ಎಂದರು.

ಅದೂ ನಿಜ. ಮನೆಯ ಹೆಂಗಸಿಗೆ ಯಾರು ಉಪಚಾರ ಮಾಡುತ್ತಾರೆ? ಎಲ್ಲರಿಗೂ ಬಡಿಸಿ, ಕೊನೆಗೆ ಅಡುಗೆಮನೆಯಲ್ಲಿ ಪಾತ್ರೆಗಳ ನಡುವೆ ಕೂತು ಉಳಿದದ್ದನ್ನು ಉಂಡವರು ಅವರು. ಇನ್ನೊಂದು ಹಾಕ್ಕೋ ಎಂದು ಅವರಿಗೆ ಅಂದವರನ್ನು ನಾನು ಕಂಡಿಲ್ಲ. ನಾನೂ ಅಂದಿರಲಿಲ್ಲ, ಹೊಸ ಸೊಸೆಯ ದಿನಗಳು ಕಳೆದ ಮೇಲೆ ನನಗೂ ಯಾರೂ ಅನ್ನುತ್ತಿರಲಿಲ್ಲ.

ಊರಿನ ರೈಲು ಮರುದಿನ ರಾತ್ರಿಗಿತ್ತು. ಬೆಳಿಗ್ಗೆ ಹುಡುಗಿಯನ್ನು ಪಕ್ಕಕ್ಕೆ ಕರೆದು ಹೇಳಿದೆ. ನಮ್ಮ ಅಮ್ಮ ನಕೋ ಅಂದರೆ ಹೋಗಬೇಡ, ನಿಲ್ಲು, ಇನ್ನೊಮ್ಮೆ ಕೇಳು, ಆಮೇಲೆ ಕೇಳದೆಯೇ ಬಡಿಸು. ಅವಳು ಗಾಬರಿಯಾದಳು. ಅತಿಥಿ ಬೇಡವೆಂದ ಮೇಲೆ ಮತ್ತೆ ಕೇಳಬಾರದು ಎಂದು ಟ್ರೇನಿಂಗಿನಲ್ಲೇ ಹೇಳಿದ್ದಾರಂತೆ. ಪೀಡಿಸಿದಳೆಂದು ಯಾರೋ ದೂರು ಕೊಟ್ಟು ಇವಳ ಜೊತೆಯವಳೊಬ್ಬಳು ಬೈಸಿಕೊಂಡಿದ್ದಳಂತೆ. "ದೂರು ಕೊಡಬೇಕಾದವಳು ನಾನೇ ಅಲ್ಲವೇ? ಕೊಡುವುದಿಲ್ಲ" ಎಂದೆ ಹಿಂದಿಯಲ್ಲಿ. ಅವಳು ನಕ್ಕಳು. ಅವರ ಕರೀಂನಗರದ ಮನೆಯಲ್ಲಿ ಅಜ್ಜಿಯೂ ಹೀಗೇ ಅಂತೆ.

ಆ ಸಂಜೆ ಅವಳು ಮೊಸರನ್ನದ ಬಟ್ಟಲು ಹಿಡಿದು ಬಂದಳು. ಅತ್ತೆ ನಕೋ ಎಂದರು. ಅವಳು ಹೋಗಲಿಲ್ಲ. "ಮೊಹಮಾಟ ಪಡಕಂಡಿ ಅಮ್ಮಾ" ಎಂದಳು. ಸಂಕೋಚ ಬೇಡ ಎಂದು. ಅತ್ತೆ ತಟ್ಟೆಯ ಮೇಲೆ ಕೈ ಅಡ್ಡ ಹಿಡಿದರು. ಹುಡುಗಿ ನನ್ನ ಕಡೆ ನೋಡಿದಳು, ನಾನು ಕಣ್ಣಲ್ಲೇ ಹಾಕು ಎಂದೆ. ಅವಳು ಅತ್ತೆಯ ಕೈಯನ್ನು ಮೆಲ್ಲಗೆ ಸರಿಸಿ ಎರಡು ಚಮಚ ಹಾಕಿದಳು, ನಿಂತು ಇನ್ನೊಂದು ಹಾಕಿದಳು. ಪಕ್ಕದ ಮೇಜಿನ ಟೈ ಕಟ್ಟಿದ ಮನುಷ್ಯ ಫೋನು ಬಿಟ್ಟು ನೋಡುತ್ತಿದ್ದ. ಅತ್ತೆ ಬೈದುಕೊಳ್ಳುತ್ತಲೇ ಉಂಡರು, ತಟ್ಟೆ ಬಳಿದು ಉಂಡರು. "ಭಾಳ ಒತ್ತಾಯ ಮಾಡ್ತಾಳ ನೋಡು. ಛಲೋ ಮನಿತನದ ಹುಡುಗಿ" ಎಂದರು. ಎಷ್ಟೋ ದಿನಗಳ ಮೇಲೆ ನನಗೆ ಅಂದು ಖುಷಿಯಾಯಿತು.

ಊರಿನಲ್ಲೂ ಓಣಿಯ ಹೆಂಗಸರಿಗೆ ಹೇಳಿ ಹೀಗೇ ಒತ್ತಾಯ ಮಾಡಿಸಿದೆ. ಅಲ್ಲಿಂದ ಮುಂದೆ ತೂಕ ಇಳಿಯುವುದು ನಿಂತಿತು, ಡೋಸ್‌ಗಳು ತಪ್ಪಲಿಲ್ಲ. ಆದರೆ ನನಗೆ ಸಾಕಾಗುತ್ತ ಬಂದಿತ್ತು. ಕಚೇರಿಯಲ್ಲಿ ನನ್ನ ವರದಿಗಳು ತಡವಾಗುತ್ತಿದ್ದವು. ಲೌಂಜಿನ ಮೆತ್ತನೆ ಕುರ್ಚಿಯಲ್ಲಿ ಕೂತಲ್ಲೇ ತೂಕಡಿಸುತ್ತಿದ್ದೆ. ಒಂದೇ ಹೋಟೆಲು, ಒಂದೇ ಕಿಟಕಿ, ಹಲ್ಲಿಗೆ ಅಂಟುವ ಅದೇ ಸ್ಯಾಂಡ್‌ವಿಚ್ಚು. ಸ್ನಾನದ ಮನೆಯಲ್ಲಿ ಅತ್ತೆ ವಾಂತಿ ಮಾಡುವಾಗ ಬೆನ್ನು ನೀವುತ್ತ, ಇದು ಯಾವಾಗ ಮುಗಿಯುತ್ತದೆ ಎಂದು ನೆನೆಯುತ್ತಿದ್ದೆ. ಹೇಗೆ ಮುಗಿಯುತ್ತದೆ ಎಂದು ನೆನೆಯುತ್ತಿರಲಿಲ್ಲ.

ಆರು ತಿಂಗಳ ಮೇಲೆ ಸ್ಕ್ಯಾನ್ ಮಾಡಿಸಿದರು. ಔಷಧ ಎಷ್ಟು ಕೆಲಸ ಮಾಡಬೇಕಿತ್ತೋ ಅಷ್ಟು ಮಾಡಿರಲಿಲ್ಲ. ಇನ್ನೊಂದು ಔಷಧವಿದೆ, ತ್ರಾಸು ಹೆಚ್ಚು, ಬರುವುದು ವಾರಕ್ಕೊಮ್ಮೆ, ಗುಣವಾಗುತ್ತದೆಂದು ಹೇಳಲಾರೆ, ಆದರೆ ಕಾಲ ಸಿಗಬಹುದು ಎಂದರು ಡಾಕ್ಟರು. ಒಳ್ಳೆಯವರು ಅವರು; ಇದನ್ನೆಲ್ಲ ನನಗೆ ಹೇಳಿ ಬಿಡದೆ ಅತ್ತೆಯ ಕಡೆಗೇ ತಿರುಗಿ, ನಿಧಾನವಾಗಿ ಹಿಂದಿಯಲ್ಲಿ ವಿವರಿಸಿದರು. ಕೊನೆಗೆ, "ನೀವು ಹೇಳಿ ಅಮ್ಮಾ, ತೆಗೆದುಕೊಳ್ಳುತ್ತೀರಾ?" ಎಂದರು.

"ನಕೋ ಸಾಬ್" ಎಂದರು ಅತ್ತೆ.

ಡಾಕ್ಟರು ಗೌರವದಿಂದ ತಲೆಬಾಗಿದರು. ನಿಮ್ಮ ಇಚ್ಛೆ, ನೋವು ಆಗದಂತೆ ಮಾತ್ರೆ ಬರೆದುಕೊಡುತ್ತೇನೆ, ಇನ್ನು ಇಷ್ಟು ದೂರ ಬರಬೇಕಿಲ್ಲ ಎಂದರು. ನನಗೇನಾಯಿತೆಂದು ಹೇಳಿಯೇ ಬಿಡುತ್ತೇನೆ. ನನಗೆ ನಿರಾಳವಾಯಿತು. ರೈಲಿಲ್ಲ, ಸಾಲಿಲ್ಲ, ಆ ಕಿಟಕಿಯಿಲ್ಲ. ಫೋನಿನಲ್ಲಿ ಸುದ್ದಿ ಕೇಳಿ ನಮ್ಮ ಮನೆಯವರು, "ಅವ್ವನ ಇಚ್ಛಾದಂಗ ಆಗ್ಲಿ" ಎಂದರು. ಅವರ ದನಿಯೂ ದಣಿದಿತ್ತು.

ಮಧ್ಯಾಹ್ನ ಲೌಂಜಿಗೆ ಬಂದು ಕೂತೆವು. ಕಾರ್ಡಿನ ದೆಸೆಯಿಂದ ಕೋಣೆಯನ್ನು ನಾಲ್ಕರವರೆಗೆ ಇಟ್ಟುಕೊಳ್ಳಬಹುದಿತ್ತು, ರೈಲು ಆಮೇಲೆ. ಹುಡುಗಿಗೆ ಅಂದು ರಜೆ, ಬೇರೆ ಯಾರೋ ಇದ್ದರು. ಅತ್ತೆ ಕಿಟಕಿಯ ಹೊರಗೆ ನೋಡುತ್ತಿದ್ದರು. ಕೆಳಗೆ ಮೆಟ್ರೋ ಹೋಯಿತು, ಇನ್ನೊಂದು ಬಂತು.

"ಡಾಕ್ಟರ್ ಒಂದ ಸಲ ಕೇಳಿ ಬಿಟ್ರಲ್ಲ" ಎಂದರು ಅತ್ತೆ.

ನಾನು ಅವರ ಮುಖ ನೋಡಿದೆ. ಅವರು ನನ್ನ ಕಡೆ ತಿರುಗಲಿಲ್ಲ. ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದರು.

"ಔಷಧ ತಗೋತೀರೇನು ಅತ್ತಿ?"

"ಬ್ಯಾಡವಾ. ನಿನಗ ತ್ರಾಸು."

ಅವರು ಆಯುಷ್ಯವೆಲ್ಲ ಒತ್ತಾಯ ಮಾಡಿದವರು. ನಾಲಿಗೆಯ ಮೇಲಿನ ಒತ್ತಾಯ ಯಾವುದು, ಹೊಟ್ಟೆಯೊಳಗಿನದು ಯಾವುದು ಎಂದು ಕೇಳಿದ ಕೂಡಲೇ ಅವರಿಗೆ ತಿಳಿಯುತ್ತದೆ. ಬಾಯಿಮಾತಿಗೆ ತಗೋರಿ ಎಂದರೆ ಅವರು ಬ್ಯಾಡ ಎಂದುಬಿಡುತ್ತಾರೆ, ಅಲ್ಲಿಗೆ ಮುಗಿಯಿತು. ಯಾರೂ ನನ್ನನ್ನು ತಪ್ಪೆನ್ನುವುದಿಲ್ಲ. ವಾರ ವಾರ ಈ ಊರಿಗೆ ಬರುವುದನ್ನು ನೆನೆದೆ. ಮೈಯೆಲ್ಲ ಸೀಸ ಹೊಯ್ದಂತೆ ಭಾರವಾಯಿತು. ಆಮೇಲೆ ಅತ್ತೆಯಿಲ್ಲದ ನಮ್ಮ ಅಡುಗೆಮನೆ ಕಣ್ಣಿಗೆ ಕಟ್ಟಿತು. ಅಲ್ಲಿ ನಾನೊಬ್ಬಳೇ ನಿಂತಿದ್ದೆ, ಉಪ್ಪು ಜಾಸ್ತಿ ಆತು ಎನ್ನಲೂ ಯಾರೂ ಇರಲಿಲ್ಲ. ನನಗೆ ಅಳು ಬಂತು. ಆ ತಣ್ಣಗಿನ ಕೋಣೆಯಲ್ಲಿ, ಸೂಟು ಹಾಕಿದವರ ನಡುವೆ, ಮೂಗು ಒರೆಸಿಕೊಳ್ಳಲು ಕಾಗದದ ಕರವಸ್ತ್ರ ಹುಡುಕಿದೆ.

"ನನಗ ತ್ರಾಸು ಆಗ್ತೈತಿ, ಖರೆ" ಎಂದೆ. "ಭಾಳ ಆಗ್ತೈತಿ. ಆದ್ರೂ ತಗೋರಿ. ನಿಮ್ಮ ಸಲುವಾಗಿ ಅಲ್ಲ, ನನ್ನ ಸಲುವಾಗಿ ತಗೋರಿ. ನೀವಿಲ್ಲದ ಮನ್ಯಾಗ ನಾ ಇರಾಂಗಿಲ್ಲ."

ಅತ್ತೆ ಈಗ ತಿರುಗಿದರು. ಹೋಳಿಗೆ ಬೆಂದಿದೆಯೋ ಇಲ್ಲವೋ ಎಂದು ನೋಡುವ ಹಾಗೆ ನನ್ನ ಮುಖವನ್ನು ಬಹಳ ಹೊತ್ತು ನೋಡಿದರು.

"ಡಾಕ್ಟರಿಗೆ ಫೋನ್ ಹಚ್ಚು" ಎಂದರು. "ಈಗ ಹಚ್ಚು, ಮನಿಗೆ ಹೋಗಿಬಿಟ್ಟಾರು."